ಯಜಮಾನರು ಮೈಕು ಹಿಡಿದ ಭಾನುವಾರ

ನಮ್ಮ ಲೇಔಟಿನ ಗಂಡಸರು ಬೆಳಿಗ್ಗೆ ಪಾರ್ಕಿಗೆ ಹೋಗುವುದು ನಡೆಯುವುದಕ್ಕಲ್ಲ, ಬಯ್ಯುವುದಕ್ಕೆ. ಎರಡು ಸುತ್ತು ಹಾಕುವಷ್ಟರಲ್ಲಿ ಕಾಲು ಸೋಲುತ್ತದೆ, ಬಾಯಿ ಮಾತ್ರ ಸೋಲುವುದಿಲ್ಲ. ಆಮೇಲೆ ಕೆ.ಆರ್. ಪುರದ ಮೇನ್ ರೋಡಿನ ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತು, ಉಳಿದವರನ್ನು ಅಲ್ಲಿ ಬಯ್ಯುತ್ತಾರೆ. ಬಸ್ಸಿನವರು ಮುಷ್ಕರ ಹೂಡಿದರೆ ಬಸ್ಸಿನವರನ್ನು, ಅಂಗನವಾಡಿಯ ಹೆಂಗಸರು ರಸ್ತೆಯಲ್ಲಿ ಕೂತರೆ ಅವರನ್ನು, ಕಸದ ಗಾಡಿ ಬಾರದಿದ್ದರೆ ಪೌರಕಾರ್ಮಿಕರನ್ನು. "ಯೂನಿಯನ್ ಮಾಡ್ಕೊಂಡು ಕೊಬ್ಬಿಬಿಟ್ಟಿದ್ದಾರೆ ಗುರೂ. ಒಬ್ಬೊಬ್ಬರನ್ನೂ ಮನೆಗೆ ಕಳಿಸ್ಬೇಕು." ಈ ಮಂತ್ರಕ್ಕೆ ದಿನವೂ ಎಲ್ಲರೂ ಹೂಂಗುಟ್ಟುತ್ತಾರೆ. ಗುಂಪಿನ ಮುಂದಾಳು ನನ್ನ ಗಂಡ.

ಇವರು ಯಾರು ಅಂತ ಹೇಳಿಬಿಡುತ್ತೇನೆ. ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ ಅಲ್ಲೇ ನಿವೃತ್ತರಾದವರು. ಅದರಲ್ಲಿ ಅರ್ಧ ಕಾಲ ಯೂನಿಯನ್ನಿನ ಜಂಟಿ ಕಾರ್ಯದರ್ಶಿ. ಪಾರ್ಕಿನ ಉಳಿದ ಮಹನೀಯರೂ ಅದೇ ಕಾರ್ಖಾನೆಯವರೇ, ಏಕೆಂದರೆ ಇಡೀ ಲೇಔಟೇ ಆ ಕಾರ್ಖಾನೆಯವರದು. ಯೂನಿಯನ್ನು ಬಡಿದಾಡಿ ನೌಕರರ ಸಂಘಕ್ಕೆ ಜಮೀನು ಕೊಡಿಸಿತು, ಸಂಘ ಸೈಟು ಹಂಚಿತು. ನನ್ನ ಹೆರಿಗೆ ಆದದ್ದು ಕಾರ್ಖಾನೆಯ ಆಸ್ಪತ್ರೆಯಲ್ಲಿ. ಆ ಆಸ್ಪತ್ರೆಗೆ ಹೆರಿಗೆ ವಾರ್ಡು ಬಂದದ್ದು ಇವರೆಲ್ಲ ಗೇಟಿನ ಮುಂದೆ ಬಿಸಿಲಲ್ಲಿ ಕೂತು ಗಂಟಲು ಹರಿದುಕೊಂಡದ್ದರಿಂದ. ನಮ್ಮ ಮಗಳು ಇಂಗ್ಲಿಷ್ ಶಾಲೆಗೆ ಹೋದದ್ದು ಕಾರ್ಖಾನೆಯ ಬಸ್ಸಿನಲ್ಲಿ, ನಾವು ತಿಂದದ್ದು ಕ್ಯಾಂಟೀನಿನ ಸಬ್ಸಿಡಿ ಇಡ್ಲಿ. ಹತ್ತಿದ ಏಣಿಯನ್ನು ಒದೆಯುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಏಣಿಯ ತುದಿಯಲ್ಲೇ ಕೂತುಕೊಂಡು ಏಣಿಯನ್ನು ಒದೆಯುವವರನ್ನು ನೋಡಬೇಕಾದರೆ ನಮ್ಮ ಲೇಔಟಿಗೆ ಬರಬೇಕು.

ಹಾಗಂತ ಇವರೇನು ಸುಖವಾಗಿದ್ದಾರೆಂದು ತಿಳಿಯಬೇಡಿ. ಬರುವ ಪಿ.ಎಫ್. ಪಿಂಚಣಿ ಬಿಪಿ ಮಾತ್ರೆಗೆ ಸಾಲದು. ನಮ್ಮ ಮನೆಯ ಹಿಂದುಗಡೆ ಕಟ್ಟಿದ ಎರಡು ಸಣ್ಣ ಮನೆಗಳ ಬಾಡಿಗೆ ಬರುವುದರಿಂದ ಒಲೆ ಉರಿಯುತ್ತದೆ. ಪಿಂಚಣಿ ಹೆಚ್ಚಿಸಿ ಅಂತ ಆಗಾಗ ಎಲ್ಲರೂ ಬಿಳಿ ಟೋಪಿ ಹಾಕಿಕೊಂಡು ಮೆಟ್ರೋ ಹತ್ತಿ ಫ್ರೀಡಂ ಪಾರ್ಕಿಗೆ ಹೋಗಿ ಧಿಕ್ಕಾರ ಕೂಗಿ ಬರುತ್ತಾರೆ. "ಇದು ಯೂನಿಯನ್ ಅಲ್ವೇನ್ರೀ?" ಎಂದು ಒಮ್ಮೆ ಕೇಳಿದೆ. "ಇದು ನಮ್ಮ ಹಕ್ಕು ಕಣೇ, ಅದು ಅವರ ಸೊಕ್ಕು" ಅಂದರು. ಎಷ್ಟು ಸಲೀಸಾಗಿ ಅಂದರು ಅಂದರೆ, ತಟ್ಟೆಯ ಉಪ್ಪಿಟ್ಟನ್ನು ಅವರ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು.

ಹೊಟ್ಟೆ ತುಂಬಿದವರು ಯೂನಿಯನ್ ಅಂದರೆ ಉರಿಯುತ್ತಾರೆ, ಹಸಿದವರು ಯೂನಿಯನ್ ಬೇಕು ಅನ್ನುತ್ತಾರೆ ಎಂದು ನಾನು ಬಹಳ ಕಾಲ ನಂಬಿದ್ದೆ. ಸುಳ್ಳು. ಪೂರ್ತಿ ತುಂಬಿದವನಿಗೆ ಪಕ್ಕದ ಎಲೆಯ ಕಡೆ ನೋಡುವ ಗರಜೇ ಇಲ್ಲ. ಅರ್ಧ ಹೊಟ್ಟೆಯವನಿದ್ದಾನಲ್ಲ, ಅವನೇ ಪಕ್ಕದ ಎಲೆಗೆ ಹಪ್ಪಳ ಎರಡು ಬಿತ್ತೋ ಮೂರು ಬಿತ್ತೋ ಅಂತ ಕತ್ತು ಉದ್ದ ಮಾಡುವವನು. ಬಡಿಸುವವನನ್ನು ಕರೆದು ಕೇಳುವ ಧೈರ್ಯ ಅವನಿಗಿಲ್ಲ. ಕರೆದು ಕೇಳಿದವನ ಮೇಲೆ ಮಾತ್ರ ಸಿಟ್ಟು.

ನಮ್ಮ ಅಳಿಯನೂ ಇದೇ ಪಂಕ್ತಿಯವನು. ಮಹದೇವಪುರದಲ್ಲಿ ಫ್ಲಾಟು, ರಿಂಗ್ ರೋಡಿನ ಟೆಕ್ ಪಾರ್ಕಿನಲ್ಲಿ ಮ್ಯಾನೇಜರ್ ಕೆಲಸ. ಕಳೆದ ಮಳೆಗಾಲದಲ್ಲಿ ಅವನ ಕಂಪನಿಯವರು ವಿಡಿಯೋ ಕಾಲಿನಲ್ಲಿ ಕರೆದು, ನೀವಾಗೇ ರಾಜೀನಾಮೆ ಕೊಟ್ಟರೆ ಮರ್ಯಾದೆಯಾಗಿ ಕಳಿಸುತ್ತೇವೆ, ಇಲ್ಲದಿದ್ದರೆ ನಾವೇ ತೆಗೆಯುತ್ತೇವೆ ಅಂದರಂತೆ. ಕೊಟ್ಟುಬಿಟ್ಟ. ನಮ್ಮ ಮನೆಗೆ ಬಂದು ಊಟದ ಮೇಜಿಗೆ ತಲೆ ಕೊಟ್ಟು ಅತ್ತ. ಅತ್ತದ್ದಕ್ಕೆ ನನಗೆ ಸಂಕಟವೇ ಆಯಿತು. "ನಿನ್ನ ಜೊತೆ ಇನ್ನೂ ಎಷ್ಟು ಜನಕ್ಕೆ ಹೀಗೆ ಹೇಳಿದ್ದಾರಪ್ಪಾ? ಎಲ್ಲ ಸೇರಿ ಕೊಡಲ್ಲ ಅನ್ನಬಹುದಿತ್ತಲ್ಲ?" ಅಂದೆ. ಕಣ್ಣೊರೆಸಿಕೊಂಡು, ನಾನೇನೋ ಕೊಳಕು ಮಾತಾಡಿದೆ ಅನ್ನುವ ಹಾಗೆ ನನ್ನನ್ನು ನೋಡಿದ. "ಅತ್ತೆ, ನಾವು ಪ್ರೊಫೆಷನಲ್ಸ್. ಯೂನಿಯನ್ ಎಲ್ಲ ಲೇಬರ್ ಕ್ಲಾಸ್‌ಗೆ." ಮಾವ ಪಕ್ಕದಲ್ಲೇ ಕೂತಿದ್ದರು. ಫಿಟ್ಟರ್ ಮಾವ. "ಕರೆಕ್ಟಾಗಿ ಹೇಳ್ದೆ" ಅಂದರು.

ಹಿಂದಿನ ಸಣ್ಣ ಮನೆಯೊಂದರಲ್ಲಿ ಬಾಡಿಗೆಗೆ ಇದ್ದವಳು ನನ್ನ ಹಾಗೇ ಹಲಸೂರಿನಲ್ಲಿ ಹುಟ್ಟಿ ಬೆಳೆದವಳು. ಅದೇ ಕಾರಣಕ್ಕೆ ನಾವಿಬ್ಬರೂ ಹತ್ತಿರವಾದದ್ದು. ಸಿಟ್ಟು ಬಂದಾಗ ಇಬ್ಬರ ಬಾಯಲ್ಲೂ ತಮಿಳು ಬರುತ್ತಿತ್ತು. ಗಂಡ ಇಲ್ಲ, ಬಿ.ಕಾಂ ಓದುತ್ತಿದ್ದ ಮಗಳೊಬ್ಬಳು. ಅಳಿಯ ಕೂರುತ್ತಿದ್ದ ಅದೇ ಟೆಕ್ ಪಾರ್ಕಿನಲ್ಲಿ ಇವಳಿಗೆ ಹೌಸ್‌ಕೀಪಿಂಗ್ ಕೆಲಸ. ನೆಲ ಒರೆಸುವುದು, ಟಾಯ್ಲೆಟ್ ತೊಳೆಯುವುದು, ಮಹಾಶಯರು ಕುಡಿದು ಅಲ್ಲಲ್ಲೇ ಬಿಟ್ಟ ಕಾಫಿ ಕಪ್ಪು ಎತ್ತುವುದು. ಆರು ವರ್ಷ ಒಂದೇ ಕಟ್ಟಡದಲ್ಲಿ ದುಡಿದಿದ್ದಳು.

ಅಳಿಯ ಅತ್ತು ಹೋದ ಕೆಲವೇ ದಿನಕ್ಕೆ ಒಂದು ಸಂಜೆ ನಾನು ಹಿಂದೆ ಬಟ್ಟೆ ತೆಗೆಯುತ್ತಿದ್ದಾಗ ಬಂದು ನಿಂತಳು. ಟೆಕ್ ಪಾರ್ಕಿನವರು ಕಂಟ್ರಾಕ್ಟರನ್ನು ಬದಲಾಯಿಸುತ್ತಿದ್ದಾರಂತೆ. ಹಳೆಯವನು ಎಲ್ಲ ಹೆಂಗಸರ ಕೈಯಲ್ಲೂ ರಾಜೀನಾಮೆ ಬರೆಸಿಕೊಳ್ಳುತ್ತಾನೆ. ಹೊಸಬ ತನಗೆ ಬೇಕಾದವರನ್ನು ಹೊಸದಾಗಿ ಸೇರಿಸಿಕೊಳ್ಳುತ್ತಾನೆ. ಮಾಡಿದ ಸರ್ವಿಸ್ಸೆಲ್ಲ ಗಾಳಿಗೆ. ನಲವತ್ತು ದಾಟಿದವರು ಬೇಡ ಅಂತ ಹೊಸಬ ಆಗಲೇ ಹೇಳಿದ್ದಾನೆ. ಇವಳಿಗೆ ನಲವತ್ತು ದಾಟಿ ಬಹಳ ಕಾಲವಾಗಿತ್ತು.

"ಸೋಮವಾರ ಬೆಳಿಗ್ಗೆ ಗೇಟಲ್ಲೇ ಒಬ್ಬೊಬ್ಬರನ್ನೇ ನಿಲ್ಸಿ ಸೈನ್ ಹಾಕಿಸ್ಕೋತಾರಂತೆ ಅಕ್ಕಾ. ಯಾರೂ ಹಾಕ್ಲಿಲ್ಲ ಅಂದ್ರೆ ಅವನೇನ್ ಮಾಡ್ತಾನೆ? ಎಂಟು ಬಿಲ್ಡಿಂಗ್‌ಗೂ ಅವತ್ತೇ ಬೇರೆ ಜನ ಎಲ್ಲಿಂದ ತರ್ತಾನೆ?"

"ಮತ್ತೆ ಹಾಕಬೇಡಿ."

"ಒಬ್ಬೊಬ್ಬರಾಗಿ ಹೋದ್ರೆ ಎಲ್ರೂ ಹೆದರ್ಕೊಂಡು ಹಾಕ್ಬಿಡ್ತಾರೆ. ಅದಕ್ಕೆ ಮುಂಚೆ ಒಂದ್ಸಲ ಎಲ್ರೂ ಒಂದ್ಕಡೆ ಕೂತ್ಕೋಬೇಕು. ಒಬ್ಬೊಬ್ಬಳೂ ಎದ್ದು, ನಾನ್ ಹಾಕಲ್ಲ ಅಂತ ಮುಖ ನೋಡಿ ಹೇಳ್ಬೇಕು. ಅಷ್ಟೇ ಸಾಕು."

ಫೋನಿನ ಗುಂಪಿನಲ್ಲಿ ಹೇಳಿಕೊಳ್ಳುವ ಹಾಗಿರಲಿಲ್ಲ, ಅದರಲ್ಲಿ ಸೂಪರ್‌ವೈಸರೂ ಇದ್ದ. ಟೆಕ್ ಪಾರ್ಕಿನ ಒಳಗೆ ನಾಲ್ಕು ಜನ ಒಟ್ಟಿಗೆ ನಿಂತರೆ ಕ್ಯಾಮೆರಾ. ಕೂರುವುದಕ್ಕೆ ಅವಳಿಗೆ ಬೇಕಾಗಿದ್ದದ್ದು ಒಂದು ಸೂರು, ಭಾನುವಾರ ಮಧ್ಯಾಹ್ನದ ಶಿಫ್ಟಿನ ವ್ಯಾನು ಬರುವ ಮುಂಚೆ ಒಂದೂವರೆ ಗಂಟೆ. ನಮ್ಮ ಲೇಔಟಿನ ಸಮುದಾಯ ಭವನ ಕೊಡಿಸುತ್ತೀರಾ ಅಂತ ಕೇಳಿದಳು.

ಭವನ ಕಟ್ಟಿಸಿದ್ದೂ ಯೂನಿಯನ್ನೇ. ವೇದಿಕೆಯ ಹಿಂದೆ ಯೂನಿಯನ್ನಿನ ಹಳೆಯ ಅಧ್ಯಕ್ಷರ ಫೋಟೋ ಇದೆ, ಅದಕ್ಕೆ ಆಯುಧಪೂಜೆಯ ದಿನ ಹೊಸ ಹಾರ. ಆದ್ದರಿಂದ ಇದು ದೊಡ್ಡ ವಿಷಯವೇ ಅಲ್ಲ ಅಂತ ನನ್ನ ಲೆಕ್ಕ. ಭವನ ಸಮಿತಿಯ ಅಧ್ಯಕ್ಷರು ನಮ್ಮ ಎದುರು ಮನೆಯವರು, ಅವರೂ ಕಾರ್ಖಾನೆಯ ಹಳಬರೇ. ಇವಳನ್ನು ಗೇಟಿನ ಹೊರಗೇ ನಿಲ್ಲಿಸಿ ಮಾತಾಡಿಸಿದರು. "ನಮ್ಮ ಹಾಲ್‌ನಲ್ಲಿ ಪಾಲಿಟಿಕ್ಸ್‌ಗೆಲ್ಲ ಕೊಡಲ್ಲಮ್ಮ. ಬರ್ತ್‌ಡೇ ಗಿರ್ತ್‌ಡೇ ಇದ್ರೆ ಹೇಳು." ಅವಳ ಜೊತೆ ಹೋಗಿದ್ದ ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಮನೆಗೆ ಬಂದು ಯಜಮಾನರಿಗೆ ಹೇಳಿದರೆ, ಪೇಪರಿನಿಂದ ಮುಖ ಎತ್ತದೆ, "ಸರಿಯಾಗೇ ಹೇಳಿದ್ದಾನೆ. ನಾಳೆ ಕೆಂಪು ಬಾವುಟ ಇಟ್ಕೊಂಡು ಬರ್ತಾರೆ, ಬಾಡಿಗೆ ಕೊಡಲ್ಲ ಅಂತಾರೆ" ಅಂದರು. ಒಂದು ಕಾಲದಲ್ಲಿ ಇದೇ ಮನುಷ್ಯನ ಕೆಂಪು ಬಾವುಟಗಳನ್ನು ಒಗೆದು ಇಸ್ತ್ರಿ ಮಾಡಿಕೊಟ್ಟವಳು ನಾನು.

ಆದರೆ ಭಾನುವಾರ ಮಧ್ಯಾಹ್ನ ಭವನ ನಮ್ಮ ಮಹಿಳಾ ಮಂಡಳಿಯ ಭಜನೆಗೆ ಮೀಸಲು. ಮಂಡಳಿಯ ಕಾರ್ಯದರ್ಶಿ ನಾನು, ಬೀಗದ ಕೈ ನನ್ನ ಹತ್ತಿರವೇ. ಈ ವಾರ ಭಜನೆ ಇಲ್ಲ ಅಂತ ಎಲ್ಲರಿಗೂ ಹೇಳಿಬಿಟ್ಟೆ. ದೇವರನ್ನು ಒಂದು ವಾರ ಸುಮ್ಮನೆ ಬಿಟ್ಟರೆ ಅವನಿಗೂ ವಿಶ್ರಾಂತಿ.

ಭಾನುವಾರ ಹೇಳಿದ ಹೊತ್ತಿಗೆ ಹೆಂಗಸರು ಬಂದರು. ಸಮವಸ್ತ್ರದ ಮೇಲೆ ದುಪ್ಪಟ್ಟಾ ಹೊದ್ದವರು, ಶಿವಾಜಿನಗರದಿಂದ ಬಸ್ಸು ಬದಲಾಯಿಸಿ ಬಂದ ಬುರ್ಖಾದವರು, ಮಡಿಲಲ್ಲಿ ಮಗು ಇಟ್ಟುಕೊಂಡವರು. ಗಲಾಟೆ ಇಲ್ಲ. ಚಪ್ಪಲಿ ಹೊರಗೆ ಸಾಲಾಗಿ ಬಿಟ್ಟು, ಕುರ್ಚಿ ಬಿಟ್ಟು, ಜಮಖಾನದ ಮೇಲೆ ಕೂತರು. ಭವನ ತುಂಬಿತು. ನಮ್ಮ ಹಿಂದಿನ ಮನೆಯವಳು ಎದ್ದು ನಿಂತು ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಗಂಡಸರು.

ಬಂದದ್ದು ನಿಲ್ಲಿಸುವುದಕ್ಕೇ. "ಯಾರ ಪರ್ಮಿಷನ್ ತಗೊಂಡ್ರಿ?" ಅಂತ ಅಧ್ಯಕ್ಷರು ಗದರಿಕೊಂಡೇ ಒಳಗೆ ಬಂದರು, ಬೆನ್ನ ಹಿಂದೆ ನಮ್ಮ ಯಜಮಾನರು, ಅವರ ಹಿಂದೆ ಪಾರ್ಕಿನ ಪಟಾಲಂ. ನಾನು ಸೆರಗು ಸಿಕ್ಕಿಸಿ ಜಗಳಕ್ಕೆ ಸಿದ್ಧಳಾದೆ. ಆಗ ಇದ್ದಕ್ಕಿದ್ದಂತೆ ಆ ಗಂಡಸರೆಲ್ಲರ ಮುಖ ಬದಲಾಯಿತು. ಎದುರಿಗೆ ತುಂಬಿದ ಸಭೆ, ವೇದಿಕೆಯ ಮೇಲೆ ಭಜನೆಯ ಮೈಕು. ಕಾರ್ಖಾನೆ ಬಿಟ್ಟ ಮೇಲೆ ಇವರ ಮಾತನ್ನು ಹೆಂಡತಿಯೂ ಪೂರ್ತಿ ಕೇಳಿರಲಿಲ್ಲ. ಇಲ್ಲಿ ನೋಡಿದರೆ ಇಷ್ಟು ಜನ ಕಾಲು ಮಡಚಿ ಕೂತು ಇವರನ್ನೇ ನೋಡುತ್ತಿದ್ದಾರೆ.

"ಬಂದಿದ್ದಾರೆ, ಪಾಪ. ಒಂದೆರಡು ಮಾತು ಗೈಡೆನ್ಸ್ ಕೊಡೋಣ" ಅಂದರು ಅಧ್ಯಕ್ಷರು.

"ಇದಕ್ಕೆಲ್ಲ ಒಂದು ಪದ್ಧತಿ ಇದೆಯಮ್ಮ" ಅಂತ ನಮ್ಮ ಯಜಮಾನರು ನಿಂತಿದ್ದವಳಿಗೆ ಹೇಳಿದರು. "ಸುಮ್ನೆ ಎದ್ದೆದ್ದು ಮಾತಾಡೋದಲ್ಲ. ಕೂತ್ಕೋ, ನಾವು ನಡೆಸ್ಕೊಡ್ತೀವಿ." ಹಾಗೆಂದು ಬಿಳಿ ಶರಟು ಹಾಕಿಕೊಂಡು ಬರಲು ಮನೆಗೆ ಓಡಿದರು. ಮಂಡಿ ನೋವಿನ ಮನುಷ್ಯ, ನಿಜವಾಗಿಯೂ ಓಡಿದರು.

ಪದ್ಧತಿ ಶುರುವಾಯಿತು. ವೇದಿಕೆಗೆ ಮೇಜು, ಮೇಜಿಗೆ ಬಟ್ಟೆ, ಕುರ್ಚಿಗಳು, ಯಾರು ಯಾವ ಕುರ್ಚಿ ಅನ್ನುವ ಉಪಚಾರ. ಅಕೌಂಟ್ಸಿನಲ್ಲಿದ್ದ ಒಬ್ಬರು ಪ್ರಾರ್ಥನೆ ಹಾಡಿದರು, ಚರಣ ಮರೆತು ಪಲ್ಲವಿಗೇ ವಾಪಸ್ ಬಂದು ಮತ್ತೆ ಹಾಡಿದರು. ಸ್ವಾಗತ ಭಾಷಣ. ಅದಾದ ಮೇಲೆ ಅಗಲಿದ ಸದಸ್ಯರಿಗೆ ಮೌನಾಚರಣೆ. ನಮ್ಮಲ್ಲಿ ಯಾವ ಸಭೆಯೂ ಇದಿಲ್ಲದೆ ನಡೆಯುವುದಿಲ್ಲ. ಕಾರ್ಖಾನೆಯಿಂದ ನಿವೃತ್ತರಾಗಿ ಈಚೆಗೆ ತೀರಿಕೊಂಡವರ ಹೆಸರನ್ನು ಒಂದೊಂದಾಗಿ, ಅವರು ದುಡಿದ ವರ್ಕ್‌ಶಾಪಿನ ಸಮೇತ ಓದಿದರು. ತಮ್ಮ ಕೆಲಸ ಉಳಿಸಿಕೊಳ್ಳಲು ಬಂದ ಹೆಂಗಸರು ಎದ್ದು ನಿಂತು, ಯಾರೆಂದೇ ಗೊತ್ತಿಲ್ಲದ ಟರ್ನರು, ವೆಲ್ಡರು, ಪೇಂಟರುಗಳಿಗೆ ತಲೆ ತಗ್ಗಿಸಿದರು. ಒಬ್ಬಳ ಮಗು ಅಳಲು ಶುರುಮಾಡಿತು. ಅಧ್ಯಕ್ಷರು ಕಣ್ಣು ಬಿಟ್ಟು ಅದನ್ನೊಮ್ಮೆ ದುರುಗುಟ್ಟಿ ನೋಡಿ ಮತ್ತೆ ಕಣ್ಣು ಮುಚ್ಚಿದರು.

ಆಮೇಲೆ ನಮ್ಮ ಯಜಮಾನರು ಮೈಕು ಹಿಡಿದರು.

ಅವರ ಭಾಷಣ ನನಗೆ ಬಾಯಿಪಾಠ. ಆ ದೊಡ್ಡ ಮುಷ್ಕರ, ಗೇಟಿನ ಮುಂದೆ ಒಲೆ ಹೂಡಿ ಅನ್ನ ಬೇಯಿಸಿದ್ದು, ಪೊಲೀಸರು ಬಂದದ್ದು, ಜನರಲ್ ಮ್ಯಾನೇಜರ್ ಕೋಣೆಗೆ ನುಗ್ಗಿ ಇವರು ಮೇಜು ಕುಟ್ಟಿದ್ದು. ವರ್ಷ ಕಳೆದ ಹಾಗೆ ಪೊಲೀಸರು ಹೆಚ್ಚಾಗಿದ್ದಾರೆ, ಮೇಜು ದೊಡ್ಡದಾಗಿದೆ. ಈ ಸಲ ಮ್ಯಾನೇಜರ್ ಅತ್ತೂಬಿಟ್ಟ. ಹಿಂದಿನ ದಿನದವರೆಗೂ ಯೂನಿಯನ್ನಿನವರನ್ನು ಮನೆಗೆ ಕಳಿಸಬೇಕು ಅನ್ನುತ್ತಿದ್ದ ಬಾಯಿ ಈಗ "ಕಾರ್ಮಿಕ ಶಕ್ತಿ" ಅನ್ನುತ್ತಿತ್ತು. ಇವರಿಗೆ ಯೂನಿಯನ್ ಬೇಡ ಅಂತಲ್ಲ. ತಾವು ವೇದಿಕೆಯ ಮೇಲೆ ಇಲ್ಲದ ಯೂನಿಯನ್ ಬೇಡ, ಅಷ್ಟೇ. ನನಗೆ ಅಂದು ಅವರ ಮೇಲೆ ಬಂದ ಹೇಸಿಗೆಯನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ.

ಹೆಂಗಸರು ಎರಡು ಸಲ ಚಪ್ಪಾಳೆ ತಟ್ಟಿದರು, ಮುಗಿಯಿತು ಅಂದುಕೊಂಡು. ಚಪ್ಪಾಳೆಗೆ ಇವರು ಇನ್ನಷ್ಟು ಚಿಗುರಿದರು. ಹಿಂದಿನ ಮನೆಯವಳು ನನ್ನ ಹತ್ತಿರ ಬಗ್ಗಿ, "ಅಕ್ಕಾ, ಸ್ವಲ್ಪ ಹೇಳಿ ಅಕ್ಕಾ, ವ್ಯಾನ್ ಬಂದ್ಬಿಡತ್ತೆ" ಅಂದಳು. ಅವಳೇ ಎದ್ದು ಹೇಳಬಹುದಿತ್ತು ಅಂತ ನೀವು ಅನ್ನಬಹುದು. ಮನೆ ಓನರನ್ನು ತುಂಬಿದ ಸಭೆಯಲ್ಲಿ ಸಾಕು ಮಾಡಿ ಅನ್ನುವ ಬಾಡಿಗೆಯವಳನ್ನು ನಾನಂತೂ ಕೆ.ಆರ್. ಪುರದಲ್ಲಿ ಕಂಡಿಲ್ಲ. ನಾನೇ ವೇದಿಕೆಯ ಪಕ್ಕಕ್ಕೆ ಹೋಗಿ, "ಸಾಕು ರೀ, ಅವರು ಮಾತಾಡ್ಬೇಕು" ಅಂದೆ. ಮೈಕಿಗೆ ಕೈ ಅಡ್ಡ ಹಿಡಿದು, "ಒಂದ್ನಿಮಿಷ, ಮೇನ್ ಪಾಯಿಂಟಿಗೆ ಬರ್ತಿದೀನಿ" ಅಂದರು. ಮೇನ್ ಪಾಯಿಂಟು ಬೋನಸ್ಸಿನ ಕಥೆಯ ಆಚೆ, ಕ್ಯಾಂಟೀನಿನ ಕಥೆಯ ಆಚೆ ಎಲ್ಲೋ ಇತ್ತು. ನಾನು ಗೋಡೆಯ ಸ್ವಿಚ್ಚು ಆರಿಸಿದೆ. ಅವರು ಒಂದು ಕ್ಷಣ ಗಲಿಬಿಲಿಯಾಗಿ, ಆಮೇಲೆ ಎದೆ ಉಬ್ಬಿಸಿ, "ಮೈಕ್ ಇಲ್ದೇನೇ ಗೇಟ್ ಮೀಟಿಂಗ್ ಮಾಡ್ದೋನು ನಾನು!" ಅಂತ ಗಂಟಲೇರಿಸಿದರು. ವೇದಿಕೆಯ ಮೇಲಿದ್ದವರೆಲ್ಲ ಮೇಜು ಕುಟ್ಟಿದರು.

ಹೊರಗೆ ಮೇನ್ ರೋಡಿನ ಕಡೆಯಿಂದ ವ್ಯಾನಿನ ಹಾರನ್ನು ಕೇಳಿಸಿತು. ಮೊದಲು ನಾಲ್ಕು ಜನ ಎದ್ದರು, ಆಮೇಲೆ ಸಾಲು ಸಾಲಾಗಿ. ತಡವಾದರೆ ಅರ್ಧ ದಿನದ ಸಂಬಳ ಹೋಗುತ್ತದೆ. ಚಪ್ಪಲಿ ಹುಡುಕಿಕೊಳ್ಳುವ ಗದ್ದಲದಲ್ಲಿ ಹಿಂದಿನ ಮನೆಯವಳು ಬಾಗಿಲಲ್ಲಿ ನಿಂತು, "ಹಾಕ್ಬೇಡ್ರೇ, ನಾಳೆ ಯಾರೂ ಹಾಕ್ಬೇಡ್ರೇ" ಅಂತ ಒಬ್ಬೊಬ್ಬಳ ಕೈ ಹಿಡಿದು ಹೇಳುತ್ತಿದ್ದಳು. "ನೀನು?" "ಅವಳು ಏನಂದ್ಲು?" ಅಂತ ಕೇಳಿಕೊಂಡೇ ಹೋದರು. ಉತ್ತರ ಕೇಳಲು ಯಾರಿಗೂ ಹೊತ್ತಿರಲಿಲ್ಲ. ಒಳಗೆ ಖಾಲಿ ಜಮಖಾನದ ಎದುರು ವಂದನಾರ್ಪಣೆ ಸಾಂಗವಾಗಿ ನಡೆಯಿತು. ನಮ್ಮ ಶ್ರಮಜೀವಿ ಸಹೋದರಿಯರಿಗೆ, ಸ್ಥಳಾವಕಾಶ ಕೊಟ್ಟ ಭವನ ಸಮಿತಿಗೆ, ಅಮೂಲ್ಯ ಮಾರ್ಗದರ್ಶನ ಮಾಡಿದ ನಮ್ಮ ಯಜಮಾನರಿಗೆ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತ ನಮ್ಮಮ್ಮ ಹೇಳುತ್ತಿದ್ದಳು. ಯಾರ ಮಾತು ಯಾರ ಮನೆಯನ್ನು ಕೆಡಿಸುತ್ತದೆ ಅನ್ನುವುದು ಮರುದಿನ ಗೊತ್ತಾಯಿತು. ಸೋಮವಾರ ಗೇಟಿನಲ್ಲಿ ಮೇಜು ಹಾಕಿಕೊಂಡು ಕಂಟ್ರಾಕ್ಟರನ ಕಡೆಯವನು ಕೂತಿದ್ದ. ಪಕ್ಕದವಳು ಏನು ಮಾಡುತ್ತಾಳೋ ತಿಳಿಯದೆ ಮೊದಲನೆಯವಳು ಸಹಿ ಹಾಕಿದಳು. ಅವಳು ಹಾಕಿದ್ದನ್ನು ಕಂಡು ಹಿಂದಿನವಳು ಹಾಕಿದಳು. ಹಾಕದೆ ಉಳಿದವರು ಇವಳು ಮತ್ತು ಇನ್ನೂ ಮೂರೋ ನಾಲ್ಕೋ ಜನ. ಅವರನ್ನು ಯಾರೂ ಬಯ್ಯಲೂ ಇಲ್ಲ, ಪಕ್ಕಕ್ಕೆ ನಿಲ್ಲಿ ಅಂದರು, ಅಷ್ಟೇ. ಇವಳು ಸಂಜೆಯವರೆಗೆ ನಿಂತು, ಕೆಲಸವಿಲ್ಲದೆ ಮನೆಗೆ ಬಂದಳು. ಸಹಿ ಹಾಕಿದ ವಯಸ್ಸಾದ ಹೆಂಗಸರನ್ನೂ ಹೊಸ ಕಂಟ್ರಾಕ್ಟರ್ ಆ ವಾರವೇ ಕೈಬಿಟ್ಟ.

ದರ್ಶಿನಿಯಲ್ಲಿ ಇದರ ವಿಮರ್ಶೆ ನಡೆಯಿತು. ಹಾಲು ತರಲು ಹೋದಾಗ ನನ್ನ ಕಿವಿಗೇ ಬಿತ್ತು. "ಈಗಿನೋರಿಗೆ ಯೂನಿಯನ್ ಮಾಡೋ ಯೋಗ್ಯತೆ ಇಲ್ಲ ಬಿಡಿ. ನಾವು ಅಷ್ಟು ಹೇಳಿಕೊಟ್ವಿ." ಅದಕ್ಕೂ ಎಲ್ಲರೂ ಹೂಂಗುಟ್ಟಿದರು. ನೋಟಿಸ್ ಪೀರಿಯಡ್ ಮುಗಿಸುತ್ತಿದ್ದ ಅಳಿಯ ಫೋನು ಮಾಡಿ, ಆಫೀಸಿನಲ್ಲಿ ಎರಡು ದಿನದಿಂದ ಟಾಯ್ಲೆಟ್ ಗಬ್ಬು ನಾರುತ್ತಿದೆ ಅತ್ತೆ, ಈ ಜನಕ್ಕೆ ಕೆಲಸದ ಮೇಲೆ ನಿಯತ್ತೇ ಇಲ್ಲ ಅಂದ. ನಾನು ಫೋನು ಇಟ್ಟುಬಿಟ್ಟೆ.

ತಿಂಗಳ ಕೊನೆಗೆ ಅವಳು ಮನೆ ಖಾಲಿ ಮಾಡಿದಳು. ಬಾಡಿಗೆ ಆಮೇಲೆ ಕೊಡುವೆಯಂತೆ ಇರು ಅಂದೆ, ಒಪ್ಪಲಿಲ್ಲ. ಹಲಸೂರಿನಲ್ಲಿ ಅಣ್ಣನ ಮನೆಯ ಮೇಲೆ ಶೀಟಿನ ಕೋಣೆಯೊಂದಿದೆ, ರಿಚರ್ಡ್ಸ್ ಟೌನಿನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ ಸಿಗುವ ಹಾಗಿದೆ ಅಂದಳು. ಮಗಳು ಕಾಲೇಜಿನ ಜೊತೆಗೆ ಬಟ್ಟೆ ಅಂಗಡಿಗೆ ಸೇರಿದ್ದಳು. ಸಾಮಾನೆಲ್ಲ ಟೆಂಪೋಗೆ ಏರಿಸಿದ ಮೇಲೆ ಹೇಳಿ ಹೋಗಲು ನಮ್ಮ ವರಾಂಡಕ್ಕೆ ಬಂದಳು. ನಾನು ಕುಂಕುಮ ಕೊಟ್ಟೆ. ನನಗೆ ಮಾತು ಬರಲಿಲ್ಲ. ಯಜಮಾನರಿಗೆ ಬಂತು.

"ಒಗ್ಗಟ್ಟು ಇರ್ಬೇಕಿತ್ತಮ್ಮ" ಅಂದರು, ಕುರ್ಚಿಗೆ ಒರಗಿಕೊಂಡು. "ನಿಮ್ಮೋರಲ್ಲಿ ಒಗ್ಗಟ್ಟಿಲ್ಲ. ಅದೇ ತೊಂದ್ರೆ ಆಗಿದ್ದು."

ಅವಳು ಅವರನ್ನು ನೋಡಿದಳು. ಸಿಟ್ಟಿನಿಂದಲ್ಲ, ಅವಳ ದನಿಯಲ್ಲಿ ಎಂದಿನ ಮರ್ಯಾದೆಯೇ ಇತ್ತು.

"ಒಟ್ಟಾಗೇ ಬಂದಿದ್ವಲ್ಲ ಸಾರ್. ನಿಮ್ ಭಾಷಣ ಮುಗೀಲಿಲ್ಲ."

ಅದಕ್ಕೂ ಏನೋ ಹೇಳಲು ಅವರು ಬಾಯಿ ತೆರೆದರು. "ಬಾಯ್ಮುಚ್ಕೊಂಡು ಕೂತ್ಕೊಳ್ರೀ" ಅಂದೆ. ಮದುವೆಯಾದಾಗಿನಿಂದ ಇನ್ನೊಬ್ಬರ ಮುಂದೆ ಅವರಿಗೆ ಹಾಗೆ ಅಂದವಳಲ್ಲ ನಾನು. ಅವರು ಮುಚ್ಚಿಕೊಂಡರು, ಆದರೆ ಆಗ ಯಾರಿಗೂ ಅದರಿಂದ ಉಪಯೋಗ ಇರಲಿಲ್ಲ.